ಶಾಲೆಯ ಹೊತ್ತು, ಇಂಗ್ಲಿಷಿನ ಪಾಲು

ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲವೆಂಬ ದೂರು ಬಹಳ ಹಳೆಯದು. ಅದಕ್ಕೆ ಸೂಚಿತವಾಗುವ ಪರಿಹಾರಗಳಲ್ಲಿ ಒಂದು ತೀರ ಸರಳವಾಗಿ ಕಾಣುತ್ತದೆ: ಶಾಲೆಯ ಹೊತ್ತನ್ನು ದಿನಕ್ಕೆ ಒಂದು ಗಂಟೆ ಬೆಳೆಸಿ, ಆ ಗಂಟೆಯನ್ನು ಇಂಗ್ಲಿಷಿಗೆ ಕೊಟ್ಟುಬಿಡುವುದು. ಕೇಳಿದೊಡನೆ ಒಪ್ಪಬೇಕೆನ್ನಿಸುವ ಮಾತು ಇದು. ಗದ್ದೆಗೆ ನೀರು ಸಾಲದಿದ್ದರೆ ತೂಬನ್ನು ಇನ್ನಷ್ಟು ಹೊತ್ತು ತೆರೆದಿಡುವುದಿಲ್ಲವೇ? ಆದರೆ ಭಾಷೆಯೆಂಬುದು ಹಾಗೆ ಹರಿದು ತುಂಬುವ ಪದಾರ್ಥವೇ, ಎಂಟು ವರ್ಷದ ಮಗುವಿನ ದಿನ ಹಾಗೆ ಹಿಗ್ಗುವ ಪಾತ್ರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಸಂಗತಿ ದೊಡ್ಡದು, ಬಾನುಲಿಯ ಗಡಿಯಾರ ಕೊಡುವ ಅವಕಾಶ ಚಿಕ್ಕದು. ಆದ್ದರಿಂದ ಒಂದು ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಹೇಳುತ್ತೇನೆ.

ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ಮೈಸೂರು ರಸ್ತೆಯಲ್ಲಿ ಹೋಗುವವರು ನಡುವೆ ಕೆಂಗಲ್ಲಿನ ಆಂಜನೇಯನಿಗೆ ಕೈಮುಗಿದೇ ಮುಂದುವರಿಯುವುದು ರೂಢಿ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ದನಗಳ ಜಾತ್ರೆಯಿಂದ ಹೆಸರಾದ ಸ್ಥಳ. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿ ಹನುಮಂತಯ್ಯನವರ ಹೆಸರಿನೊಡನೆ ನಾಡಿಗೆಲ್ಲ ಪರಿಚಯವಾದ ಸ್ಥಳ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣಗೊಂಡ ಈ ಸೀಮೆಯ ನಾಲ್ಕು ಹಳೆಯ ತಾಲ್ಲೂಕುಗಳು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ. ರೇಷ್ಮೆ, ರಾಗಿ, ಮಾವು, ಬಣ್ಣದ ಬೊಂಬೆ ಇಲ್ಲಿನ ಬದುಕು; ಬೆಂಗಳೂರಿನ ಸಂಬಳ ಇಲ್ಲಿನ ಕನಸು. ಹಳ್ಳಿಯ ಬಾಗಿಲಿಗೇ ಬರುವ ಖಾಸಗಿ ಶಾಲೆಯ ವಾಹನ ಬೆಳಗ್ಗೆ ಎಂಟರ ಹೊತ್ತಿಗೆ ಹಾರ್ನು ಮಾಡುತ್ತದೆ. ಊರಿನ ಸರ್ಕಾರಿ ಶಾಲೆಯ ಗಂಟೆ ಹತ್ತರ ಸುಮಾರಿಗೆ ಬಾರಿಸುತ್ತದೆ. ಈ ಎರಡು ಗಂಟೆಯ ಅಂತರವನ್ನು ತಾಯಂದಿರು ಗಮನಿಸದೆ ಇರುವುದಿಲ್ಲ. ಅಲ್ಲಿ ಹೆಚ್ಚು ಹೊತ್ತು ಓದಿಸುತ್ತಾರೆ, ಇಲ್ಲಿ ಕಡಿಮೆ ಎಂಬ ತೀರ್ಮಾನ ಅಲ್ಲಿಂದಲೇ ಹುಟ್ಟುತ್ತದೆ. ಆ ವಾಹನದಲ್ಲಿ ಮಗು ಎಷ್ಟು ಹೊತ್ತು ಕುಳಿತಿರುತ್ತದೆಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಅದು ಬೇರೆ ಮಾತು. ಮಕ್ಕಳು ಒಬ್ಬೊಬ್ಬರಾಗಿ ವಾಹನ ಹತ್ತಿದಂತೆಲ್ಲ ಸರ್ಕಾರಿ ಶಾಲೆ ಬರಿದಾಗುತ್ತದೆ. ಇಂಗ್ಲಿಷಿನ ಪ್ರಶ್ನೆ ಇಲ್ಲಿ ಪಾಠಕ್ರಮದ ಪ್ರಶ್ನೆಯಾಗಿ ಉಳಿದಿಲ್ಲ. ಊರಿನಲ್ಲಿ ಶಾಲೆ ಇರಬೇಕೇ ಬೇಡವೇ ಎಂಬ ಪ್ರಶ್ನೆಯಾಗಿದೆ.

ಸರ್ಕಾರ ಇದಕ್ಕೆ ಉತ್ತರಿಸುತ್ತ ಬಂದ ಬಗೆಯನ್ನು ಸಂಕ್ಷೇಪವಾಗಿ ನೆನೆಯೋಣ. 1994ರ ಭಾಷಾನೀತಿಯ ಆದೇಶಗಳು ಮೊದಲ ನಾಲ್ಕು ತರಗತಿಗಳ ಶಿಕ್ಷಣ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕೆಂದವು. 2007ರಲ್ಲಿ ಇಂಗ್ಲಿಷು ಒಂದು ವಿಷಯವಾಗಿ ಒಂದನೆಯ ತರಗತಿಗೇ ಇಳಿಯಿತು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮಾಧ್ಯಮದ ಆಯ್ಕೆಯನ್ನು ತಂದೆತಾಯಿಗಳಿಗೆ ಬಿಟ್ಟಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಜೊತೆಯಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. 2024ರ ಮುಂಗಡಪತ್ರದಲ್ಲಿ ಇನ್ನೂ ಎರಡು ಸಾವಿರ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ಪರಿವರ್ತಿಸುವ ಮಾತು ಬಂತು. ಹೀಗೆ ಇಂಗ್ಲಿಷನ್ನು ಯಾವಾಗ ಆರಂಭಿಸಬೇಕೆಂಬ ಹಳೆಯ ವಾದ ಬಹುಮಟ್ಟಿಗೆ ಮುಗಿದುಹೋಗಿದೆ. ಇನ್ನು ಕೆಳಕ್ಕೆ ಇಳಿಸಲು ತರಗತಿಗಳಿಲ್ಲ. ಆದಕಾರಣವೇ ಎಲ್ಲರ ದೃಷ್ಟಿ ಈಗ ಗಡಿಯಾರದ ಕಡೆಗೆ ತಿರುಗಿದೆ.

ಗಡಿಯಾರದ ಲೆಕ್ಕವನ್ನೇ ಮೊದಲು ಮಾಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಪಾಠ ನಡೆಯಬೇಕೆಂದು ವಿಧಿಸುತ್ತದೆ. ಎಂದರೆ ದಿನಕ್ಕೆ ನಾಲ್ಕು ಗಂಟೆ. ನಲವತ್ತು ನಿಮಿಷದ ಆರು ಅವಧಿಗಳು. ಅವುಗಳಲ್ಲಿ ದಿನಕ್ಕೊಂದು ಇಂಗ್ಲಿಷಿಗೆ ದೊರೆತರೆ ವರ್ಷಕ್ಕೆ 133 ಗಂಟೆಗಳಾದವು. ಎಂಟು ವರ್ಷದ ಮಗು ದಿನಕ್ಕೆ ಹದಿನಾಲ್ಕು ಗಂಟೆ ಎಚ್ಚರವಾಗಿರುತ್ತದೆಂದು ಹಿಡಿದರೆ ವರ್ಷದಲ್ಲಿ ಅದರ ಎಚ್ಚರದ ಹೊತ್ತು ಐದು ಸಾವಿರ ಗಂಟೆಗೂ ಮಿಕ್ಕುತ್ತದೆ. ಅಂದಮೇಲೆ ಇಂಗ್ಲಿಷಿಗೆ ಸಲ್ಲುವುದು ಸುಮಾರು ನಲವತ್ತರಲ್ಲಿ ಒಂದು ಪಾಲು. ಮಿಕ್ಕ ಮೂವತ್ತೊಂಬತ್ತು ಪಾಲಿನಲ್ಲಿ ಕೆಂಗಲ್ಲಿನ ಸುತ್ತಿನ ಮಗುವಿಗೆ ಇಂಗ್ಲಿಷಿನ ಬಿಡಿ ಶಬ್ದಗಳು ಕಿವಿಗೆ ಬೀಳಬಹುದು. ವಾಕ್ಯಗಳು ಬೀಳುವುದು ಅಪರೂಪ. ಈಗ ದಿನಕ್ಕೊಂದು ಗಂಟೆ ಸೇರಿಸಿದರೆ ವರ್ಷಕ್ಕೆ 200 ಗಂಟೆ ಬಂದು 133 ಇದ್ದದ್ದು 333 ಆಗುತ್ತದೆ. ಎರಡೂವರೆ ಪಟ್ಟು! ಹೊತ್ತು ಬೆಳೆಸಬೇಕೆನ್ನುವವರ ವಾದಕ್ಕೆ ಇಷ್ಟು ಬಲ ಇರುವುದನ್ನು ಒಪ್ಪಲೇಬೇಕು. ಅವರು ಕಾಲದ ಕೊರತೆಯನ್ನು ಸುಮ್ಮನೆ ಕಲ್ಪಿಸಿಕೊಂಡಿಲ್ಲ.

ಆದರೆ ಶಾಲೆಯಲ್ಲಿ ಕಳೆದ ಗಂಟೆ ಬೇರೆ, ಕಲಿಕೆಗೆ ಸಂದ ಗಂಟೆ ಬೇರೆ. 1963ರಲ್ಲಿ ಜಾನ್ ಕ್ಯಾರಲ್ ಎಂಬ ಅಮೆರಿಕದ ವಿದ್ವಾಂಸರು ಈ ಭೇದವನ್ನು ಶಾಸ್ತ್ರವಾಗಿ ವಿವರಿಸಿದರು. ಒಂದು ವಿಷಯವನ್ನು ಕಲಿಯಲು ಮಗುವಿಗೆ ಎಷ್ಟು ಹೊತ್ತು ಬೇಕೋ ಅದರಲ್ಲಿ ಎಷ್ಟನ್ನು ಅದು ನಿಜವಾಗಿ ತೊಡಗಿ ಕಳೆಯಿತು ಎಂಬುದರ ಮೇಲೆ ಕಲಿಕೆಯ ಪ್ರಮಾಣ ನಿಲ್ಲುತ್ತದೆ. ಪಾಠ ಕೆಟ್ಟದಾಗಿದ್ದರೆ ಬೇಕಾಗುವ ಹೊತ್ತೂ ಬೆಳೆಯುತ್ತದೆ ಎಂಬುದು ಅವರ ವಿಚಾರದ ತಿರುಳು. ಚನ್ನಪಟ್ಟಣದ ಬೊಂಬೆಯ ಕುಶಲಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲೆಮರದ ತುಂಡು ಚರಕಿಯ ಮೇಲೆ ಎಷ್ಟು ಹೊತ್ತು ತಿರುಗಿದರೂ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದಾಗಲೇ ಬಣ್ಣ ಹತ್ತುತ್ತದೆ.

ಶಾಲೆಯ ದಿನವನ್ನು ಬೆಳೆಸಿ ನೋಡಿದ ದೇಶಗಳಿವೆ. ದಕ್ಷಿಣ ಅಮೆರಿಕದ ಚಿಲಿ 1997ರಿಂದ, ಎರಡು ಪಾಳಿಯಲ್ಲಿ ನಡೆಯುತ್ತಿದ್ದ ಶಾಲೆಗಳನ್ನು ಇಡೀ ದಿನದ ಶಾಲೆಗಳನ್ನಾಗಿ ಮಾರ್ಪಡಿಸಿತು. ಕಟ್ಟಡಗಳಿಗೆ, ಊಟಕ್ಕೆ, ಸಂಬಳಕ್ಕೆ ಅಪಾರ ಹಣ ವೆಚ್ಚವಾಯಿತು. ಆಮೇಲೆ ಫಲವನ್ನು ಅಳೆದವರು ಕಂಡದ್ದು ಓದು ಮತ್ತು ಗಣಿತಗಳಲ್ಲಿ ಸಣ್ಣ ಮುನ್ನಡೆ. ಮುನ್ನಡೆ ಇಲ್ಲವೆಂದಲ್ಲ, ಹಾಕಿದ ಹೊತ್ತಿಗೂ ಹಣಕ್ಕೂ ತಕ್ಕಷ್ಟು ಇರಲಿಲ್ಲ. ಅಲ್ಲಿ ಬೆಳೆದದ್ದು ಸ್ವಂತ ಭಾಷೆಯಲ್ಲಿ ನಡೆಯುವ ಶಾಲೆಯ ದಿನ. ಪರಭಾಷೆಯ ಪಾಠಕ್ಕೆ ಈ ಮಾತು ಹೇಗೆ ಅನ್ವಯಿಸುತ್ತದೆಂದು ತಿಳಿಯಲು ಇನ್ನೆರಡು ಕಡೆ ನೋಡಬೇಕು.

ಒಂದು, ಕೆನಡಾ. 1965ರಲ್ಲಿ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ತಾವಾಗಿಯೇ ಒತ್ತಾಯ ಮಾಡಿ, ತಮ್ಮ ಮಕ್ಕಳಿಗೆ ಶಿಶುವರ್ಗದಿಂದಲೇ ಇಡೀ ಪಾಠವನ್ನು ಫ್ರೆಂಚಿನಲ್ಲಿ ಹೇಳಿಸಿದರು. ಮಕ್ಕಳು ಫ್ರೆಂಚನ್ನು ಚೆನ್ನಾಗಿ ಗ್ರಹಿಸಿದರು, ಇಂಗ್ಲಿಷನ್ನೂ ಕಳೆದುಕೊಳ್ಳಲಿಲ್ಲ. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಸಮರ್ಥಿಸುವವರು ಈ ಉದಾಹರಣೆಯನ್ನು ಸಂತೋಷದಿಂದ ಎತ್ತಿಕೊಳ್ಳುತ್ತಾರೆ. ಆ ಮಕ್ಕಳ ಮನೆಮಾತು ಆ ಖಂಡದಲ್ಲೇ ಪ್ರಬಲವಾದ ಭಾಷೆ. ಮನೆಯ ಕಪಾಟಿನಲ್ಲಿ ಅದರ ಪುಸ್ತಕಗಳು, ಪಾಠ ಹೇಳುವ ಉಪಾಧ್ಯಾಯಿನಿಗೆ ಫ್ರೆಂಚು ನೀರು ಕುಡಿದಷ್ಟು ಸಲೀಸು. ಈ ಮೂರರಲ್ಲಿ ಒಂದೂ ನಮ್ಮ ಹಳ್ಳಿಯ ಶಾಲೆಗೆ ಹೊಂದುವುದಿಲ್ಲ. ಎರಡನೆಯದು, ನೈಜೀರಿಯದ ಇಫೆ. 1970ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದವರು ಆರು ವರ್ಷದ ಪ್ರಾಥಮಿಕ ಶಿಕ್ಷಣವನ್ನೆಲ್ಲ ಯೊರುಬಾ ಎಂಬ ಮಾತೃಭಾಷೆಯಲ್ಲಿಯೇ ಕೊಟ್ಟು, ಇಂಗ್ಲಿಷನ್ನು ಒಂದು ವಿಷಯವಾಗಿ, ಅದರಲ್ಲಿ ತರಬೇತಾದ ಉಪಾಧ್ಯಾಯರಿಂದ ಹೇಳಿಸಿದರು. ನಾಲ್ಕನೆಯ ವರ್ಷದಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿದ ಮಕ್ಕಳಿಗಿಂತ ಇವರು ಇಂಗ್ಲಿಷಿನಲ್ಲಿ ಹಿಂದೆ ಬೀಳಲಿಲ್ಲ. ಇತರ ವಿಷಯಗಳಲ್ಲಿ ಮುಂದೆಯೇ ಇದ್ದರು. ಇಂಗ್ಲಿಷಿನ ಗಂಟೆಗಳು ಕಡಿಮೆಯಿದ್ದೂ ಇಂಗ್ಲಿಷು ಕಡಿಮೆಯಾಗಲಿಲ್ಲವೆಂಬುದು ನಮಗೆ ಮುಖ್ಯವಾದ ಸಂಗತಿ.

ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಕೆಂಗಲ್ಲಿನಿಂದ ಇದೇ ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋದರೆ ಜ್ಞಾನಭಾರತಿಯ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಲ್ಲಿ ಸ್ಥಾಪನೆಯಾದದ್ದು. ಆ ಸಂಸ್ಥೆಯ ನೆರವಿನಿಂದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಲೋಕದ ಭಾಷಾಶಿಕ್ಷಣದ ಗ್ರಂಥಗಳಲ್ಲೆಲ್ಲ ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾಗಿದೆ. ಆಗಿನ ಪಾಠಪುಸ್ತಕಗಳು ಒಂದೊಂದು ವಾಕ್ಯದ ಅಚ್ಚನ್ನು ಕೊಟ್ಟು ಅದನ್ನು ನೂರು ಸಲ ಹೇಳಿಸುತ್ತಿದ್ದವು. ಮಕ್ಕಳು ತರಗತಿಯಲ್ಲಿ ತಪ್ಪಿಲ್ಲದೆ ಹೇಳಿದ್ದನ್ನು ಬಾಗಿಲು ದಾಟಿದೊಡನೆ ಮರೆಯುತ್ತಿದ್ದರು. ಪ್ರಭು ಅವರು ಅಚ್ಚುಗಳನ್ನು ಬದಿಗಿಟ್ಟು ಕೆಲಸಗಳನ್ನು ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿದರೆ ಹೊತ್ತಿಗೆ ಮುಟ್ಟಬಹುದೆಂದು ಹೇಳುವುದು, ನಕ್ಷೆಯ ಮೇಲೆ ದಾರಿ ಹುಡುಕುವುದು, ಅಂಗಡಿಯ ಬೆಲೆಪಟ್ಟಿಯಿಂದ ಲೆಕ್ಕ ತೆಗೆಯುವುದು. ಮಕ್ಕಳ ಮನಸ್ಸು ಉತ್ತರದ ಮೇಲೆ ನೆಟ್ಟಿರುತ್ತಿತ್ತು. ಇಂಗ್ಲಿಷು ಆ ಉತ್ತರದ ದಾರಿಯಲ್ಲಿ ಒಳಗೆ ಸೇರುತ್ತಿತ್ತು. ನಡುವೆ ಮನೆಮಾತಿನ ಒಂದು ಶಬ್ದ ಬಂದರೆ ಬೆತ್ತ ಏಳುತ್ತಿರಲಿಲ್ಲ. ಬ್ರಿಟನ್ನಿನಿಂದ ಬಂದು ಪರೀಕ್ಷಿಸಿದವರು 1985ರಲ್ಲಿ ಎಚ್ಚರಿಕೆಯ ಮಾತುಗಳಲ್ಲಾದರೂ ಅನುಕೂಲವಾದ ವರದಿಯನ್ನೇ ಕೊಟ್ಟರು. ಇದೆಲ್ಲ ನಡೆದದ್ದು ಸಾಮಾನ್ಯ ಶಾಲೆಗಳ ಸಾಮಾನ್ಯ ಅವಧಿಯಲ್ಲಿ. ಅಲ್ಲಿ ಬದಲಾದದ್ದು ಅವಧಿಯ ಒಳಗಿನ ಕೆಲಸ. ಲೋಕವೆಲ್ಲ ನಮ್ಮ ರಾಜಧಾನಿಯ ಹೆಸರಿಟ್ಟು ಓದುವ ಈ ಪ್ರಯೋಗವನ್ನು ನಾವು ಮಾತ್ರ ನೆನೆಯುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನು ಕೇಳುಗರೇ ಮಾಡಿ ನೋಡಬಹುದು. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದಾರೆ. ಕಾಯ್ದೆ ಒಬ್ಬ ಉಪಾಧ್ಯಾಯರಿಗೆ ನಿಗದಿ ಮಾಡಿರುವ ಪ್ರಮಾಣವೂ ಅದೇ. ಹೆಚ್ಚಿನ ಒಂದು ಗಂಟೆ ದೊರೆಯಿತು, ಉಪಾಧ್ಯಾಯರು ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರು ಎನ್ನೋಣ. ಒಂದು ಮಗುವಿನ ಪಾಲಿಗೆ ಬಂದದ್ದು ಎರಡು ನಿಮಿಷ, ಅದರಲ್ಲಿ ಅರ್ಧ ಉಪಾಧ್ಯಾಯರದೇ ಮಾತು. ಇದಕ್ಕೆ ಬದಲು, ಈಗಿರುವ ನಲವತ್ತು ನಿಮಿಷದಲ್ಲೇ ಹತ್ತು ನಿಮಿಷವನ್ನು ತೆಗೆದಿರಿಸಿ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬನ ಕೈಯಲ್ಲಿರುವ ಚಿತ್ರವನ್ನು ಇನ್ನೊಬ್ಬ ಪ್ರಶ್ನೆ ಕೇಳಿ ಊಹಿಸಬೇಕೆಂದು ಹೇಳಿದರೆ ಪ್ರತಿಯೊಂದು ಮಗುವಿಗೂ ಐದು ನಿಮಿಷ ಬಾಯಿಬಿಡುವ ಅವಕಾಶ ದೊರೆಯಿತು. ಗದ್ದಲವಾಗುತ್ತದೆ, ನಿಜ. ತನಿಖೆಗೆ ಬಂದ ಅಧಿಕಾರಿಗೆ ಶಿಸ್ತಿಲ್ಲದ ಶಾಲೆಯೆಂದು ತೋರಬಹುದು. ಭಾಷೆ ಕಲಿಯುವ ಮಕ್ಕಳ ಕೋಣೆ ಗ್ರಂಥಾಲಯದಂತೆ ನಿಶ್ಶಬ್ದವಾಗಿದ್ದರೆ ಅಲ್ಲಿ ನಡೆಯುತ್ತಿರುವುದು ಬಹುಶಃ ಕರಿಹಲಗೆಯ ನಕಲು.

ನಕಲಿನ ಮಾತು ಬಂದದ್ದರಿಂದ, ಈ ಸೀಮೆಯ ಮಗುವಿಗೆ ಇಂಗ್ಲಿಷಿನಲ್ಲಿ ಯಾವುದು ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕನ್ನಡ ಓದಲು ಕಲಿತ ಮಗುವಿಗೆ ಅಕ್ಷರ ಎಂದರೆ ಧ್ವನಿ. ‘ಕ’ ಎಲ್ಲಿ ಬಂದರೂ ‘ಕ’. ಇಂಗ್ಲಿಷಿನಲ್ಲಿ ‘ಸಿ’ ಎಂದು ಕರೆಯುವ ಅಕ್ಷರ ‘ಕ್ಯಾಟ್’ ಎನ್ನುವಾಗ ಕಕಾರವಾಗುತ್ತದೆ, ‘ಸಿಟಿ’ ಎನ್ನುವಾಗ ಸಕಾರವಾಗುತ್ತದೆ. ಈ ಅನ್ಯಾಯವನ್ನು ಮಗು ಸಹಿಸಿಕೊಳ್ಳಬೇಕಾದರೆ ಶಬ್ದ ಮೊದಲು ಕಿವಿಯಲ್ಲಿ ನೆಲೆಸಿರಬೇಕು, ಅಕ್ಷರ ಆಮೇಲೆ ಬರಬೇಕು. ಹಾವನ್ನು ‘ಆವು’ ಎಂದೂ ಹಾಲನ್ನು ‘ಆಲು’ ಎಂದೂ ಆಡುವ ಮನೆಯಿಂದ ಬಂದ ಮಗುವಿಗೆ ‘ಹ್ಯಾಟ್’ ಮತ್ತು ‘ಆಟ್’ ಎಂಬ ಎರಡು ಶಬ್ದಗಳು ಮೊದಮೊದಲು ಒಂದೇ ಆಗಿ ಕೇಳಿಸುತ್ತವೆ. ನಗುವ ವಿಷಯವಲ್ಲ ಇದು. ಲಂಡನ್ನಿನ ಕೂಲಿಕಾರರ ಆಡುಮಾತಿನಲ್ಲೂ ಹಕಾರ ಹೀಗೆಯೇ ಬಿದ್ದುಹೋಗುತ್ತದೆ. ಇನ್ನೊಂದು ಕಡೆ ನಮ್ಮ ಮಗುವಿಗೆ ಅನುಕೂಲವೂ ಇದೆ. ಹ್ರಸ್ವ ದೀರ್ಘಗಳ ಭೇದ ಅದರ ರಕ್ತದಲ್ಲೇ ಇರುವುದರಿಂದ ‘ಶಿಪ್’ ಮತ್ತು ‘ಶೀಪ್’ ಎಂಬವನ್ನು ಬೇರ್ಪಡಿಸಲು ಇತರ ಅನೇಕ ದೇಶಗಳ ಮಕ್ಕಳಂತೆ ತಿಣುಕಬೇಕಾಗಿಲ್ಲ. ಬಸ್ಸು, ಟಿಕೇಟು, ಸೈಕಲ್ಲು, ಲೈಟು ಎಂದು ನೂರಾರು ಶಬ್ದಗಳು ಕನ್ನಡದ ಉಕಾರವನ್ನು ಹೊದ್ದುಕೊಂಡು ಅದರ ನಾಲಗೆಯ ಮೇಲೆ ಆಗಲೇ ಕುಳಿತಿವೆ. ಆ ಉಕಾರವನ್ನು ಕಳಚಿ ತೋರಿಸಿದರೆ ಸಾಕು, ಮಗುವಿಗೆ ತನ್ನಲ್ಲಿ ಇಷ್ಟು ಇಂಗ್ಲಿಷು ಇತ್ತೇ ಎಂಬ ಬೆರಗು.

ಶಬ್ದಗಳಿಗಿಂತ ವಾಕ್ಯದ ನಡೆ ಕಠಿನ. ರಾಮನಗರದ ಬಂಡೆಗಳನ್ನು ನೋಡಿ ಬೆಳೆದ ಮಗು ‘ಬಂಡೆಯ ಮೇಲೆ ಕೋತಿ ಕೂತಿದೆ’ ಎನ್ನುತ್ತದೆ. ಇಂಗ್ಲಿಷಿನಲ್ಲಿ ‘ದ ಮಂಕಿ ಈಸ್ ಸಿಟಿಂಗ್ ಆನ್ ದ ರಾಕ್’. ಕೊನೆಯಲ್ಲಿ ಕೂತಿದ್ದ ಕ್ರಿಯಾಪದ ನಡುವೆ ಬಂತು. ಬಂಡೆಯ ಹಿಂದೆ ಬರುತ್ತಿದ್ದ ‘ಮೇಲೆ’ ಅದರ ಮುಂದೆ ಹೋಯಿತು. ಕನ್ನಡದಲ್ಲಿ ಸಾಟಿಯೇ ಇಲ್ಲದ ‘ದ’ ಎರಡು ಸಲ ಬಂತು. ಇದನ್ನು ಸೂತ್ರವಾಗಿ ಹೇಳಿದರೆ ಏಳು ವರ್ಷದ ಮಗುವಿಗೆ ತಿಳಿಯುವುದಿಲ್ಲ. ಅರ್ಥವಾಗುವ ಸಂದರ್ಭದಲ್ಲಿ, ಕಥೆಯಾಗಿ, ಆಟವಾಗಿ, ಅಪ್ಪಣೆಯಾಗಿ ನೂರಾರು ಸಲ ಕಿವಿಗೆ ಬಿದ್ದಾಗ ಕ್ರಮ ತಾನಾಗಿ ಮನಸ್ಸಿನಲ್ಲಿ ಕೂಡಿಕೊಳ್ಳುತ್ತದೆ. ಹೆಚ್ಚಿನ ಹೊತ್ತು ನಿಜವಾಗಿ ಬೇಕಾಗಿರುವುದು ಇಲ್ಲಿ, ಈ ಕೇಳುವಿಕೆಗೆ. ಆ ಹೊತ್ತನ್ನು ನಾಲ್ಕು ಗೆರೆಯ ಪುಸ್ತಕದಲ್ಲಿ ಹತ್ತು ಸಲ ಬರೆಯಿಸಲು ಖರ್ಚು ಮಾಡಿದರೆ ದುಂಡನೆಯ ಅಕ್ಷರ ಬಂದೀತು.

ದ್ವಿಭಾಷಾ ವಿಭಾಗಗಳಿಗೆ ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕಗಳನ್ನು ಕನ್ನಡ ಇಂಗ್ಲಿಷ್ ಎರಡರಲ್ಲೂ ಒಟ್ಟಿಗೆ ಅಚ್ಚುಮಾಡಿದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಉಪಾಧ್ಯಾಯರು ಇಂಗ್ಲಿಷಿನ ಒಂದು ಸಾಲು ಓದಿ, ಕೂಡಲೇ ಕನ್ನಡದ ಸಾಲನ್ನು ಹೇಳಿ ಮುಂದುವರಿದರೆ, ಜಾಣ ಮಗು ವಾರದೊಳಗೆ ಒಂದು ಉಪಾಯ ಕಂಡುಕೊಳ್ಳುತ್ತದೆ: ಇಂಗ್ಲಿಷು ಬರುವಾಗ ಕಿವಿ ಮುಚ್ಚಿಕೊಂಡು ಕನ್ನಡಕ್ಕೆ ಕಾಯುವುದು. ಆ ಗಂಟೆ ದಾಖಲೆಯಲ್ಲಿ ಇಂಗ್ಲಿಷಿನದು, ಮಗುವಿನ ಮಟ್ಟಿಗೆ ಅರ್ಧ ಕನ್ನಡದ್ದು, ಅರ್ಧ ಯಾವುದೂ ಅಲ್ಲದ್ದು. ಇದಕ್ಕಿಂತ, ಬೀಜ ಮೊಳೆಯುವುದು ಹೇಗೆಂಬುದನ್ನು ಮೊದಲು ಕನ್ನಡದಲ್ಲಿ ಮನಸಾರೆ ಚರ್ಚಿಸಿ, ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ನೋಡಿ, ಮಾರನೆಯ ದಿನ ಅದೇ ಸಂಗತಿಯನ್ನು ನಾಲ್ಕಾರು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಸಿದರೆ ಮಗುವಿಗೆ ಅರ್ಥದ ಭಾರವಿರುವುದಿಲ್ಲ, ಭಾಷೆಯ ಭಾರವಷ್ಟೇ ಉಳಿಯುತ್ತದೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮುಂದಿಟ್ಟ ವಿಚಾರವೂ ಇದೇ ದಿಕ್ಕಿನದು: ಮೊದಲ ಭಾಷೆಯಲ್ಲಿ ಬೆಳೆದ ಓದುವ, ಯೋಚಿಸುವ ಶಕ್ತಿ ಎರಡನೆಯ ಭಾಷೆಗೂ ಒದಗುತ್ತದೆ. ಕನ್ನಡವನ್ನೇ ತಡವರಿಸದೆ ಓದಲಾರದ ಮೂರನೆಯ ತರಗತಿಯ ಮಗುವಿಗೆ ಹೆಚ್ಚಿನ ಗಂಟೆಯಲ್ಲಿ ಕನ್ನಡದ ಕಥೆಪುಸ್ತಕ ಕೊಟ್ಟರೆ ಅದು ಇಂಗ್ಲಿಷಿಗೆ ಮಾಡಿದ ಉಪಕಾರವೇ ಆಗುತ್ತದೆ.

ಸಾಹಿತ್ಯಪ್ರಿಯರು ಇಲ್ಲಿ ಹಿಂದಿನವರ ಉದಾಹರಣೆ ತೆಗೆಯುತ್ತಾರೆ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಎಬ್ಬಿಸಿದರು. ಮಲೆನಾಡಿನ ಹಳ್ಳಿಯಿಂದ ಬಂದ ಕುವೆಂಪು ಅವರ ಮೊದಲ ಕವನಸಂಗ್ರಹ ‘ಬಿಗಿನರ್ಸ್ ಮ್ಯೂಸ್’ 1922ರಲ್ಲಿ ಇಂಗ್ಲಿಷಿನಲ್ಲೇ ಹೊರಬಂತು. ಕನ್ನಡದಲ್ಲಿ ಬೇರುಬಿಟ್ಟವರಿಗೆ ಇಂಗ್ಲಿಷು ಕಷ್ಟವಲ್ಲ ಎನ್ನಲು ಇವು ಸಾಕ್ಷಿಯಾಗಬಹುದು. ಆದರೆ ಪ್ರತಿಭಾಶಾಲಿಗಳ ಜಾತಕದಿಂದ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯನ್ನು ಬರೆಯುವುದು ನನಗೆ ಸರಿಯೆನಿಸುವುದಿಲ್ಲ. ನಾವು ಯೋಚಿಸಬೇಕಾದದ್ದು ಮಾಮೂಲಿ ಮಗುವನ್ನು, ಅದರ ಮಾಮೂಲಿ ದಿನವನ್ನು.

ಆ ದಿನ ಹೇಗಿರುತ್ತದೆ? ಹಿಪ್ಪುನೇರಳೆ ಬೆಳೆಯುವ ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದಮೇಲೆ ಸೊಪ್ಪಿಗೆ ಕೊನೆಯೇ ಇರುವುದಿಲ್ಲ. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಅದು ಈ ಕೊನೆಯ ವಾರದಲ್ಲೇ ತಿನ್ನುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು, ಅಜ್ಜಿಯ ಕೈಯೂ ಬೇಕು, ಮೊಮ್ಮಗಳ ಕೈಯೂ ಬೇಕು. ಮಕ್ಕಳನ್ನು ದುಡಿಸಬೇಕೆಂದು ನಾನು ಹೇಳುತ್ತಿಲ್ಲ. ಶಾಲೆ ನಾಲ್ಕು ಗಂಟೆ ದಾಟಿದ ಮೇಲೆ ಬಿಡುವಂತಿದ್ದರೆ ತಾಯಿ ಹೇಗೋ ಸಂಭಾಳಿಸಿಕೊಳ್ಳುತ್ತಾಳೆ. ಐದೂವರೆಯಾಗುವುದಾದರೆ ಆ ವಾರವೆಲ್ಲ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವ ಮನಸ್ಸಾಗುತ್ತದೆ. ದಿನಕ್ಕೊಂದು ಗಂಟೆ ಗಳಿಸಲು ಹೋಗಿ ವಾರಕ್ಕೆ ಮೂರು ದಿನ ಕಳೆದುಕೊಂಡ ಹಾಗಾಗುತ್ತದೆ. ಕನಕಪುರದ ಕಾಡಂಚಿನ ಊರುಗಳಲ್ಲಿ ಸಂಜೆಯಾದರೆ ಆನೆಯ ಭಯ. ಹೊಸೂರಿಂದ ಹಳೆಯೂರಿಗೆ ನಡೆದು ಹೋಗುವ ಹೆಣ್ಣುಮಕ್ಕಳಿಗೆ ಮಾರ್ಗಶಿರದ ಬೇಗನೆ ಕವಿಯುವ ಕತ್ತಲೆಯೇ ಭಯ. ಇಷ್ಟಲ್ಲದೆ ಹಸಿವೆಯೂ ಇದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಮಧ್ಯಾಹ್ನದ ಊಟವನ್ನು ಕೊಟ್ಟಿತು, 2013ರ ಕ್ಷೀರಭಾಗ್ಯ ಹಾಲನ್ನು ಕೊಟ್ಟಿತು. ಮಧ್ಯಾಹ್ನ ಒಂದೂವರೆಗೆ ಉಂಡ ಮಗು ಐದರ ಹೊತ್ತಿಗೆ ಬರಿ ಹೊಟ್ಟೆಯಲ್ಲಿ ಪರಭಾಷೆಯ ಕಡೆಗೆ ಕಿವಿಗೊಡುವುದಿಲ್ಲ. ಚಿಲಿಯವರು ದಿನವನ್ನು ಬೆಳೆಸಿದಾಗ ಅಡುಗೆಮನೆಗಳನ್ನೂ ಕಟ್ಟಬೇಕಾಯಿತು.

ಉಪಾಧ್ಯಾಯರ ಕಡೆಯಿಂದಲೂ ನೋಡಬೇಕು. ಕಾಯ್ದೆಯ ಪ್ರಕಾರ ಅವರ ವಾರ, ಪಾಠದ ಸಿದ್ಧತೆಯೂ ಸೇರಿ, ನಲವತ್ತೈದು ಗಂಟೆ. ಅರವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಉಪಾಧ್ಯಾಯರು, ಐದು ತರಗತಿಗಳು. ಒಂದರಿಂದ ಮೂರು ತರಗತಿಗಳ ಮಕ್ಕಳನ್ನು ನಲಿ-ಕಲಿ ಪದ್ಧತಿಯಲ್ಲಿ ಒಬ್ಬರೇ ಒಂದೇ ಕೋಣೆಯಲ್ಲಿ ನೋಡಿಕೊಳ್ಳುತ್ತಾರೆ. ಇಂಥ ಶಾಲೆಗೆ ಕನ್ನಡ ವಿಭಾಗ, ಇಂಗ್ಲಿಷ್ ವಿಭಾಗ ಎಂದು ಎರಡು ಫಲಕಗಳನ್ನು ತೂಗುಹಾಕಿದರೂ ಒಳಗಿರುವವರು ಅವರೇ ಇಬ್ಬರು. ದಿನಕ್ಕೊಂದು ಗಂಟೆ ಬೆಳೆದರೆ ಅದು ಅವರ ಸಿದ್ಧತೆಯ ಹೊತ್ತಿನಿಂದಲೇ ಬರಬೇಕು. ಸಿದ್ಧತೆಯಿಲ್ಲದ ಉಪಾಧ್ಯಾಯರು ಏನು ಮಾಡುತ್ತಾರೆ? ಪಾಪ, ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಕೊಳ್ಳಿರೆನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಹೆಚ್ಚಿನ ಹೊತ್ತೇ ಬೇಡವೇ ಎಂದು ಕೇಳಬಹುದು. ನನ್ನ ಅಭಿಪ್ರಾಯ ಹಾಗಿಲ್ಲ. ಹೊತ್ತು ದೊರೆಯು­ವುದಾದರೆ ಸಂಜೆಯ ಬಾಲವಾಗಿ ಬೇಡ. ಬೆಳಗ್ಗೆ ಒಂಬತ್ತೂಕಾಲಕ್ಕೆ, ತಿಂಡಿಯೊಡನೆ, ವಾರಕ್ಕೆ ಮೂರು ದಿನ ದೊರೆಯಲಿ. ಹಳ್ಳಿಯ ಮಗು ಆ ಹೊತ್ತಿಗೆ ಹೇಗಿದ್ದರೂ ಶಾಲೆಯ ಅಂಗಳದಲ್ಲಿ ಆಡುತ್ತಿರುತ್ತದೆ. ಆ ಮುಕ್ಕಾಲು ಗಂಟೆಗೆ ಪಾಠಪುಸ್ತಕವನ್ನು ಒಳಗೆ ಬಿಡಬಾರದು, ಪರೀಕ್ಷೆಯನ್ನಂತೂ ಮೊದಲೇ ಬಿಡಬಾರದು. ಉಪಾಧ್ಯಾಯರು ಒಂದು ಚಿತ್ರದ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಲಿ. ಅದೇ ಕಥೆಯನ್ನು ಮೂರು ದಿನವೂ ಓದಲಿ, ಮಕ್ಕಳಿಗೆ ಬೇಸರವಾಗುವುದಿಲ್ಲ, ದೊಡ್ಡವರಿಗೆ ಮಾತ್ರ ಆಗುತ್ತದೆ. ‘ಬಾಗಿಲು ತೆರೆ’, ‘ಎರಡು ಕಲ್ಲು ತಾ’ ಎಂಬಂಥ ಅಪ್ಪಣೆಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಆಟವಾಡಿಸಲಿ. ಉಪಾಧ್ಯಾಯರಿಗೆ ತಮ್ಮ ಉಚ್ಚಾರಣೆಯ ಬಗ್ಗೆ ಅಳುಕಿದ್ದರೆ ರೇಡಿಯೋ ಇದೆ. ಶಾಲೆಯ ಮಕ್ಕಳಿಗೆಂದೇ ಆಕಾಶವಾಣಿಯಿಂದ ಪ್ರಸಾರವಾದ ‘ಕೇಳಿ-ಕಲಿ’ ಪಾಠಗಳನ್ನು ಈ ನಾಡು ಕಂಡಿದೆ. ಬಾನುಲಿಯಲ್ಲಿ ಕುಳಿತು ಬಾನುಲಿಯನ್ನು ಹೊಗಳಿದನೆಂದು ಕೇಳುಗರು ನಗಬಹುದು, ನಗಲಿ. ಮಿಕ್ಕ ಎರಡು ದಿನ ಅದೇ ಹೊತ್ತು ಕನ್ನಡದ ಓದಿಗೆ ಸಲ್ಲಲಿ.

ಇದನ್ನೂ ಒಂದೇ ಸುತ್ತೋಲೆಯಿಂದ ನಾಲ್ಕು ತಾಲ್ಲೂಕುಗಳ ಮೇಲೆ ಹೇರಲಾಗದು. ಚನ್ನಪಟ್ಟಣ ಮತ್ತು ರಾಮನಗರದ ಪೇಟೆಗಳಲ್ಲಿ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿನ ಮಗುವಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಉರ್ದು ಕನ್ನಡಗಳ ಜೊತೆಗೆ ಇಂಗ್ಲಿಷು, ಹೀಗೆ ಮೂರು ಲಿಪಿಗಳು. ಒಂದು ಬಲದಿಂದ ಎಡಕ್ಕೆ, ಎರಡು ಎಡದಿಂದ ಬಲಕ್ಕೆ. ಈ ಮಗುವಿಗೆ ದೊರೆಯುವ ಹೆಚ್ಚಿನ ಹೊತ್ತಿನ ಮೇಲೆ ಇಂಗ್ಲಿಷಿಗಿಂತ ಮೊದಲ ಹಕ್ಕು ಕನ್ನಡದ್ದೆಂದು ಅಲ್ಲಿನ ಮುಖ್ಯೋಪಾಧ್ಯಾಯರು ಹೇಳಿದರೆ ಆ ಮಾತಿಗೆ ಬೆಲೆಯಿರಬೇಕು. ಮಾಗಡಿಯ ಬೆಟ್ಟದ ಕೆಳಗಿನ ಹನ್ನೆರಡು ಮಕ್ಕಳ ಶಾಲೆಯವರು ತಮಗೆ ಗಂಟೆ ಬೇಡ, ಇನ್ನೊಬ್ಬ ಮೇಷ್ಟ್ರು ಬೇಕು ಎಂದರೆ ಅದಕ್ಕೂ ಇರಬೇಕು. ಜೂನ್ ತಿಂಗಳಲ್ಲಿ ವೇಳಾಪಟ್ಟಿಯ ಹಾಳೆ ಅವರ ಮೇಜಿನ ಮೇಲೆಯೇ ತಯಾರಾಗುತ್ತದೆ. ರಾಜಧಾನಿಯಿಂದ ಅದು ತುಂಬಿದ ಹಾಳೆಯಾಗಿ ಬರುವ ಬದಲು ಕೆಲವು ಖಾಲಿ ಚೌಕಗಳನ್ನು ಉಳಿಸಿಕೊಂಡು ಬಂದರೆ, ಹುಳು ಹಣ್ಣಾಗುವ ವಾರ ಯಾವುದು, ಆನೆ ಇಳಿಯುವ ತಿಂಗಳು ಯಾವುದು ಎಂಬುದನ್ನು ಬಲ್ಲವರು ಅವನ್ನು ತುಂಬಿಕೊಳ್ಳುತ್ತಾರೆ.